ಬಿಲ್ಲು ಯಾರ ಕೈಯಲ್ಲಿ?

ಕಪೊಯೆರಾ ಎಂದರೆ ಹಾರಿ ಒದೆಯುವ ಕುಣಿತ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬ್ರೆಜಿಲ್ ದೇಶದ ಈ ಆಟದಲ್ಲಿ ಇಬ್ಬರು ಎದುರುಬದುರಾಗಿ ಒದೆಯುತ್ತಾರೆ, ನುಣುಚಿಕೊಳ್ಳುತ್ತಾರೆ, ಕೈಯೂರಿ ತಲೆಕೆಳಗಾಗುತ್ತಾರೆ, ನಿಜ. ಆದರೆ ಅವರ ಕಾಲನ್ನು ಆಳುವುದು ಕಿವಿ. ಸುತ್ತಲಿನವರ ವಾದ್ಯ ನಿಂತಿತೋ, ಆಟವೂ ನಿಂತಿತು.

ಆ ವಾದ್ಯಗಳಲ್ಲಿ ಹಿರಿಯದು ಬೆರಿಂಬಾವ್. ನೋಡಲು ಥೇಟ್ ಬಿಲ್ಲು. ಮರದ ಕೋಲು, ಬಿಗಿದ ಉಕ್ಕಿನ ತಂತಿ, ಕೆಳಗೆ ಕಟ್ಟಿದ ಒಣ ಸೋರೆ ಬುರುಡೆ. ತಂತಿಗೆ ಕಡ್ಡಿಯಿಂದ ಬಡಿದು, ಕಲ್ಲನ್ನೋ ನಾಣ್ಯವನ್ನೋ ಒತ್ತಿ ಸ್ವರ ಬದಲಿಸುತ್ತಾರೆ. ಬುರುಡೆಯನ್ನು ಹೊಟ್ಟೆಗೆ ತಾಗಿಸಿ, ದೂರ ಸರಿಸಿ ನಾದವನ್ನು ತಿದ್ದುತ್ತಾರೆ. ಗುಂಗಾ ಎಂಬ ಮಂದ್ರದ ಬಿಲ್ಲು ಹಿಡಿದವರೇ ಆಟ ಶುರು ಮಾಡಿಸುವವರು, ಓಟ ನಿರ್ಧರಿಸುವವರು, ಕೈಮೀರಿದಾಗ ಆಟಗಾರರನ್ನು ಹತ್ತಿರ ಕರೆಯುವವರು. ಅಧಿಕಾರವೆಲ್ಲ ಆ ಬಿಲ್ಲಿನಲ್ಲಿದೆ.

ಈ ಬಿಲ್ಲು ಸುಮ್ಮನೆ ಬಂದದ್ದಲ್ಲ. ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ಬಂದಿಳಿದವರು ಸುಮಾರು 48 ಲಕ್ಷ ಜನ. ಕಪೊಯೆರಾ ಬೆಳೆದದ್ದು ಅವರ ಮತ್ತು ಅವರ ಮಕ್ಕಳುಮರಿಗಳ ನಡುವೆ. 1888ರಲ್ಲಿ ಗುಲಾಮಗಿರಿ ರದ್ದಾಯಿತು. ಎರಡೇ ವರ್ಷಕ್ಕೆ, 1890ರಲ್ಲಿ, ಬೀದಿಯಲ್ಲಿ ಕಪೊಯೆರಾ ಆಡಿದರೆ 2ರಿಂದ 6 ತಿಂಗಳು ಸೆರೆ ಎಂಬ ಕಾನೂನು ಬಂತು! ಸಂಕೋಲೆ ಬಿಚ್ಚಿದವರಿಗೆ ಕುಣಿಯುವ ಕಾಲು ಸಹಿಸಲಾಗಲಿಲ್ಲ. ಅದೇ ಆಟವನ್ನು 2014ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆ ಎಂದು ಸಾರಿತು. ಆ ಗೌರವವನ್ನು ನೋಡಲು ಗುರು ಪಾಸ್ತಿಞಾ ಇರಲಿಲ್ಲ. ಅವರು ಕಣ್ಣು ಕಳೆದುಕೊಂಡು, ಬಡತನದಲ್ಲಿ, 1981ರಲ್ಲೇ ತೀರಿಕೊಂಡಿದ್ದರು.

ಇಷ್ಟೆಲ್ಲ ಅನ್ಯಾಯ ಉಂಡವರ ಆಟದಲ್ಲಿ ಹೆಂಗಸರಿಗೆ ಸಿಕ್ಕಿದ್ದೇನು? ಎಷ್ಟೋ ಗುಂಪುಗಳಲ್ಲಿ ಬಹುಕಾಲ ಅವರ ಪಾಲಿಗೆ ಬಂದದ್ದು ಚಪ್ಪಾಳೆ ಮತ್ತು ಪಲ್ಲವಿ. ಗುಂಗಾ ಮಾತ್ರ ಗಂಡಸರ ಕೈಯಲ್ಲಿ. ಕೇಳಿದರೆ ಸಂಪ್ರದಾಯ ಎಂಬ ಉತ್ತರ. ಯಾವ ಸಂಪ್ರದಾಯ, ಸ್ವಾಮಿ? ಗುರು ಬಿಂಬಾ 1930ರ ದಶಕದಲ್ಲಿ ಸಾಲ್ವಡಾರ್ ನಗರದಲ್ಲಿ ತಮ್ಮದೇ ಹೊಸ ಪದ್ಧತಿ ಕಟ್ಟಿ, ಒಂದೇ ಬೆರಿಂಬಾವ್ ಸಾಕೆಂದರು. ಪಾಸ್ತಿಞಾ ಅವರ ಅಂಗೋಲಾ ಪದ್ಧತಿಯಲ್ಲಿ ಮೂರು ಇರುತ್ತವೆ. ಬಿಲ್ಲುಗಳ ಲೆಕ್ಕ ಬದಲಾಗಬಹುದಾದರೆ, ಹಿಡಿಯುವ ಕೈ ಏಕೆ ಬದಲಾಗಬಾರದು?

ಇದನ್ನು ಬಾಯಲ್ಲಿ ಕೇಳಿ ಸುಮ್ಮನಾಗದೆ ಮಾಡಿ ತೋರಿಸಿದವರೂ ಇದ್ದಾರೆ. ಜಾಂಜಾ ಎಂದೇ ಹೆಸರಾದ ಗುರು ರೊಸಾಂಜೆಲಾ ಅರಾವುಜೊ 1995ರಲ್ಲಿ ಸಾವೊ ಪೌಲೊದಲ್ಲಿ ಕಟ್ಟಿದ ಗುಂಪಿಗೆ ಎಂಜಿಂಗಾ ಎಂದು ಹೆಸರು. 17ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಂಗೋಲಾದ ರಾಣಿ ಆಕೆ.

ಹೆಣ್ಣುಮಕ್ಕಳಿಗೂ ಆಡಲು ಬಿಟ್ಟಿದ್ದೇವಲ್ಲ ಎಂದು ಬೀಗುವವರಿಗೆ ನನ್ನದು ಒಂದೇ ಮಾತು. ಕುಣಿಯಲು ಬಿಡುವುದು ಔದಾರ್ಯವಲ್ಲ. ತಾಳ ಯಾರದು ಎಂಬುದಷ್ಟೇ ಪ್ರಶ್ನೆ.