ಮರಾಠಿ ತಿಳಿಯದ ಕೂಸು ಮತಿಮಂದವೇ?

ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಅಡತಿ ಅಂಗಡಿಯಲ್ಲಿ ಎರಡೂ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳ ಬಾಳುವೆ ಇದು. ನಿಲಂಗಾ, ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿಗೆರೆ ಸರಿಯಿತು, ಮನೆಮಾತು ಸರಿಯಲಿಲ್ಲ. ಇಂಥ ಮನೆಯ ಕೂಸು ಒಂದನೇ ಇಯತ್ತೆಯಲ್ಲಿ ಗುರುಜಿಯ ಪ್ರಶ್ನೆಗೆ ಪಿಳಿಪಿಳಿ ಕಣ್ಣು ಬಿಟ್ಟರೆ, ಅದಕ್ಕೆ ಬುದ್ಧಿ ಕಡಿಮೆಯೋ ಭಾಷೆ ಹೊಸದೋ? ಇದನ್ನು ಬಿಡಿಸಿ ನೋಡದೆ 'ಮತಿಮಂದ' ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ ಎಂದೇ ನನ್ನ ವಾದ.

ಕಾಯ್ದೆ ಏನನ್ನುತ್ತದೆ ನೋಡ್ರಿ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಗಳಿದ್ದವು, 2016ರ ಕಾಯ್ದೆಯಲ್ಲಿ 21. ಅದರಲ್ಲಿ ಬೌದ್ಧಿಕ ಅಂಗವಿಕಲತೆ ಬೇರೆ, ಓದು-ಬರಹ-ಲೆಕ್ಕದ ಕಲಿಕಾ ತೊಡಕು ಬೇರೆ. ಬೌದ್ಧಿಕ ಅಂಗವಿಕಲತೆ ಎನ್ನಬೇಕಾದರೆ ಎರಡೂ ಕಡೆ ಕೊರತೆ ಕಾಣಬೇಕು: ತಿಳಿದು ತರ್ಕಿಸುವ ಶಕ್ತಿಯಲ್ಲಿ ಮತ್ತು ದಿನನಿತ್ಯದ ನಡವಳಿಕೆಯಲ್ಲಿ. ಬುದ್ಧಿಸೂಚ್ಯಂಕ 50ರಿಂದ 69 ಸೌಮ್ಯ, 35ರಿಂದ 49 ಮಧ್ಯಮ, 20ರಿಂದ 34 ತೀವ್ರ, ಅದಕ್ಕೂ ಕೆಳಗೆ ಅತಿ ತೀವ್ರ ಎಂಬ ವರ್ಗೀಕರಣವುಂಟು. ಆದರೆ ಅಂಕಿಯೊಂದೇ ಸಾಲದು. ಕಿರಾಣಿ ತಂದು ಚಿಲ್ಲರೆ ಎಣಿಸಿ ಕೊಡುವ, ದನ ಮೇಯಿಸಿ ಹೊತ್ತಿಗೆ ಸರಿಯಾಗಿ ಮರಳುವ ಹುಡುಗನನ್ನು ಬರೇ ಮರಾಠಿ ಪಾಠದಿಂದ ಅಳೆದರ ಹ್ಯಾಂಗ?

ಎರಡು ನುಡಿಯ ಅಳತೆಗೋಲು ನಮಗೆ ಹೊಸದೂ ಅಲ್ಲ. ಧಾರವಾಡದಲ್ಲಿ ವಿ. ವಿ. ಕಾಮತರು 1930ರ ದಶಕದಲ್ಲೇ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಎರಡೂ ನುಡಿಯ ಮಕ್ಕಳಿಗೆ ಒಗ್ಗಿಸಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ವರ್ಗಕ್ಕೆ ನೂಕಿದಾಗ ಪಾಲಕರು ಕೋರ್ಟಿಗೆ ಹೋದರು. 1970ರ ರಾಜಿಯಲ್ಲಿ ಮನೆಮಾತಿನಲ್ಲೂ ಪರೀಕ್ಷೆ ಆಗಬೇಕೆಂದು ಠರಾಯಿತು.

ಇದಕ್ಕೆ ಇನ್ನೊಂದು ಮಗ್ಗಲೂ ಇದೆ. 'ಮರಾಠಿ ಬರಂಗಿಲ್ಲ, ಅಷ್ಟ' ಎಂದು ನಿಜವಾದ ಕೊರತೆಯನ್ನು ಮುಚ್ಚಿಡುವುದೂ ಮಗುವಿಗೆ ದ್ರೋಹವೇ. ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇದೆಯೆಂದು ಪ್ರಮಾಣಿತವಾದ 6ರಿಂದ 18 ವರ್ಷದ ಮಗುವಿಗೆ ನೆರೆಯ ಸಾಲಿಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಪ್ರಮಾಣಪತ್ರಕ್ಕೆ ನಾಚಿದರೆ ಆ ಹಕ್ಕು ಕೈತಪ್ಪುತ್ತದೆ.

ಆದ್ದರಿಂದ ಪಾಲಕರಿಗೆ ನನ್ನ ವಿನಂತಿ ಇಷ್ಟೇ. ಗುರುಜಿ ಸಂಶಯಪಡಬಹುದು, ಪ್ರಮಾಣಪತ್ರ ಕೊಡುವ ಅಧಿಕಾರ ಸರಕಾರ ನೇಮಿಸಿದ ವೈದ್ಯಕೀಯ ಪ್ರಾಧಿಕಾರದ್ದು. ಮೊದಲು ಕೂಸಿನ ಕಿವಿ, ಕಣ್ಣು ತೋರಿಸಿರಿ. ಪರೀಕ್ಷೆ ಯಾವ ಭಾಷೆಯಲ್ಲಾಯಿತು, ಮನೆಯ ನಡವಳಿಕೆ ವಿಚಾರಿಸಿದರೋ ಇಲ್ಲೋ ಎಂದು ಕೇಳಿರಿ. ಗಟ ಶಿಕ್ಷಣಾಧಿಕಾರಿಗಳೂ ಇಂಥ ತಪಾಸಣೆಯ ದಿನ ಕನ್ನಡ ಬಲ್ಲವರೊಬ್ಬರನ್ನು ಕೂಡ್ರಿಸುವ ವ್ಯವಸ್ಥೆ ಮಾಡಲಿ. ತೊಗರಿ ತೂಗುವ ಮುನ್ನ ತಕ್ಕಡಿಯ ಮುಳ್ಳು ನೋಡುವ ಮಂದಿ ನಾವು. ಮಕ್ಕಳನ್ನು ತೂಗುವಾಗ ಸುಮ್ಮನಿರುವುದು ಯಾಕ?