ದುಂಬಿಗಳ ಮೇಲೆ ಮಕ್ಕಳ ಸಂಶೋಧನೆ



ಜೇನುನೊಣಗಳು ಬಣ್ಣವನ್ನು ಗುರುತಿಸಬಲ್ಲವು. ಈ ವಾಕ್ಯವನ್ನು ನೀವು ಎಲ್ಲಾದರೂ ಓದಿರುತ್ತೀರಿ. ಪರೀಕ್ಷೆಯಲ್ಲಿ ಕೇಳಿದರೆ ಬರೆದು ಒಂದು ಅಂಕವನ್ನೂ ಪಡೆಯುತ್ತೀರಿ. ಆದರೆ ಇದು ಹೇಗೆ ಗೊತ್ತಾಯಿತು? ಜೇನುನೊಣವನ್ನು ಕೇಳಿದರೆ ಅದು ಬಾಯಿಬಿಟ್ಟು ಹೇಳುವುದಿಲ್ಲವಲ್ಲ!

ಇಂಥ 'ಹೇಗೆ' ಎಂಬ ಪ್ರಶ್ನೆಗೆ ಉತ್ತರ ಇರುವುದು ಸಂಶೋಧನಾ ಪತ್ರಿಕೆಗಳಲ್ಲಿ. ಹೊಸದೇನನ್ನಾದರೂ ಕಂಡುಕೊಂಡ ವಿಜ್ಞಾನಿ ತಾನು ಮಾಡಿದ ಪ್ರಯೋಗವನ್ನು ಬರೆದು ಪತ್ರಿಕೆಗೆ ಕಳಿಸುತ್ತಾರೆ. ಸಂಪಾದಕರು ಅದನ್ನು ಆ ವಿಷಯ ಬಲ್ಲ ಬೇರೆ ವಿಜ್ಞಾನಿಗಳಿಗೆ ಕೊಟ್ಟು ಪರಿಶೀಲಿಸುತ್ತಾರೆ. ಒಪ್ಪಿಗೆಯಾದರೆ ಮಾತ್ರ ಅಚ್ಚು. ಇವೆಲ್ಲ ದೊಡ್ಡವರಿಗೆ, ಅದರಲ್ಲೂ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂದು ಹಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ.

ನನಗೆ ತುಂಬ ಇಷ್ಟವಾದ ಒಂದು ಪ್ರಬಂಧವಿದೆ. ಅದು 2010ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ 'ಬಯಾಲಜಿ ಲೆಟರ್ಸ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಯಾರು ಗೊತ್ತೇ? ಇಂಗ್ಲೆಂಡಿನ ಡೆವನ್ ಪ್ರಾಂತದ ಬ್ಲ್ಯಾಕ್‌ಆಟನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯ 25 ಮಕ್ಕಳು! ಅವರ ವಯಸ್ಸು 8ರಿಂದ 10. ಬೋ ಲೋಟೊ ಎಂಬ ವಿಜ್ಞಾನಿ ಮತ್ತು ಶಾಲೆಯ ಮುಖ್ಯೋಪಾಧ್ಯಾಯರು ಜೊತೆಗಿದ್ದರು. ಆದರೆ ಪ್ರಶ್ನೆ ಮಕ್ಕಳದು, ಮಾತೂ ಮಕ್ಕಳದು.

ಅವರು ಆರಿಸಿಕೊಂಡದ್ದು ಬಂಬಲ್ ಬೀ ಎಂಬ ದುಂಬಿ. ನಮ್ಮ ತುಡುವೆ ಜೇನಿಗಿಂತ ದಪ್ಪ, ಮೈತುಂಬ ರೋಮ. ದುಂಬಿಗಳನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಚಳಿಗೆ ಅವು ಮಂಕಾಗುತ್ತವೆ. ಆಗ ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟರು. ಇಲ್ಲದಿದ್ದರೆ ಯಾವುದು ಯಾವ ದುಂಬಿ ಎಂದು ತಿಳಿಯುವುದು ಹೇಗೆ?

ಒಂದು ಪಾರದರ್ಶಕ ಪೆಟ್ಟಿಗೆ. ಅದರೊಳಗೆ ನಾಲ್ಕು ಫಲಕ. ಪ್ರತಿ ಫಲಕದಲ್ಲೂ ಬಣ್ಣದ ಬೆಳಕಿನ 16 ವೃತ್ತಗಳು. ಎರಡು ಫಲಕಗಳಲ್ಲಿ ಮಧ್ಯದ 4 ವೃತ್ತ ನೀಲಿ, ಸುತ್ತಲಿನ 12 ಹಳದಿ. ಉಳಿದೆರಡರಲ್ಲಿ ಅದಲುಬದಲು. ಮಧ್ಯದ ವೃತ್ತಗಳಲ್ಲಿ ಮಾತ್ರ ಸಕ್ಕರೆ ನೀರು, ಸುತ್ತಲಿನವುಗಳಲ್ಲಿ ಉಪ್ಪು ನೀರು. ಈಗ ಯೋಚಿಸಿ. 'ನೀಲಿಗೆ ಹೋಗು' ಎಂಬುದನ್ನಷ್ಟೇ ಕಲಿತ ದುಂಬಿಗೆ ಅರ್ಧ ಫಲಕಗಳಲ್ಲಿ ಉಪ್ಪೇ ಗತಿ! ದುಂಬಿಗಳು ಕಲಿತ ಮೇಲೆ ಸಕ್ಕರೆ ನೀರನ್ನೂ ತೆಗೆದು ನೋಡಿದರು. ಆಗಲೂ ಅವು ಹೆಚ್ಚಾಗಿ ಮಧ್ಯದ ವೃತ್ತಗಳಿಗೇ ಹೋದವು. ಇನ್ನೂ ಕೆಲವು ಪರೀಕ್ಷೆ ಮಾಡಿದ ಮೇಲೆ ಮಕ್ಕಳು ತೀರ್ಮಾನಕ್ಕೆ ಬಂದರು: ಹೂವನ್ನು ಆರಿಸುವಾಗ ದುಂಬಿಗಳು ಬಣ್ಣವನ್ನೂ, ಆ ಬಣ್ಣ ಎಲ್ಲಿದೆ ಎಂಬುದನ್ನೂ ಸೇರಿಸಿ ನೋಡಬಲ್ಲವು. ಎಲ್ಲ ದುಂಬಿಗಳೂ ಒಂದೇ ರೀತಿ ನಡೆದುಕೊಳ್ಳಲಿಲ್ಲ ಎಂಬುದನ್ನೂ ಅವರು ಗಮನಿಸಿದರು.

ಪ್ರಬಂಧದ ಚಿತ್ರಗಳಿಗೆ ಮಕ್ಕಳೇ ಬಣ್ಣದ ಪೆನ್ಸಿಲ್‌ನಿಂದ ಬಣ್ಣ ತುಂಬಿದ್ದಾರೆ. ಕೊರತೆಯೂ ಇದೆ. ಪರೀಕ್ಷಿಸಿದ್ದು ಬೆರಳೆಣಿಕೆಯಷ್ಟು ದುಂಬಿಗಳನ್ನು. 'ಇಷ್ಟೇ ಸಾಕೇ?' ಎಂದು ನಿಮಗೆ ಅನಿಸಿದರೆ ಬಹಳ ಸಂತೋಷ. ಪರಿಶೀಲಿಸುವ ವಿಜ್ಞಾನಿಗಳು ಕೇಳುವುದೂ ಇಂಥ ಪ್ರಶ್ನೆಗಳನ್ನೇ. ಪಠ್ಯಪುಸ್ತಕದ ಒಂದು ವಾಕ್ಯವನ್ನು ಓದಿ ಹೀಗೆ ಕೇಳಲು ಆಗುತ್ತಿತ್ತೇ?

'ನಮಗೆ ಇಂಗ್ಲಿಷ್ ಬರುವುದಿಲ್ಲ ಸಾರ್' ಎನ್ನುವಿರಾ? ಲೀವೆನ್‌ಹುಕ್ ಅವರನ್ನು ನೆನಪಿಸಿಕೊಳ್ಳಿ. ಸೂಕ್ಷ್ಮದರ್ಶಕದ ಪಾಠದಲ್ಲಿ ಅವರ ಹೆಸರು ಬರುತ್ತದೆ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಅವರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ನೀರಿನ ಹನಿಯಲ್ಲಿ ಕಂಡ ಜೀವಿಗಳ ಬಗ್ಗೆ ತಮ್ಮ ಡಚ್ ಭಾಷೆಯಲ್ಲೇ ಪತ್ರ ಬರೆದರು. 1665ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯ ಸಂಪಾದಕ ಓಲ್ಡನ್‌ಬರ್ಗ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ 1677ರಲ್ಲಿ ಅಚ್ಚು ಹಾಕಿದರು. ಅಂದು ಪತ್ರಿಕೆಯೇ ಭಾಷೆಯ ಗೋಡೆ ದಾಟಿತು. ಇಂದು ಆ ಕೆಲಸವನ್ನು ನಿಮ್ಮ ಶಿಕ್ಷಕರೂ ನನ್ನಂಥ ಬರಹಗಾರರೂ ಮಾಡಬೇಕು. ಸಂಶೋಧನೆಗಳ ಕಥೆ ಕನ್ನಡದಲ್ಲಿ ಇನ್ನೂ ಹೆಚ್ಚು ಬರಬೇಕು. ಅದಕ್ಕಾಗಿ ನೀವು ಕಾಲೇಜು ಸೇರುವವರೆಗೆ ಕಾಯುವುದು ಸರಿಯಲ್ಲ.

ನಮ್ಮ ಬೆಂಗಳೂರಿನಿಂದಲೇ 1932ರಿಂದ 'ಕರೆಂಟ್ ಸೈನ್ಸ್', 1996ರಿಂದ 'ರೆಸೊನೆನ್ಸ್' ಬರುತ್ತಿವೆ. ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಕಷ್ಟ ನಿಜ, ಎಷ್ಟೋ ಪುಟಗಳು ನನಗೂ ಅರ್ಥವಾಗುವುದಿಲ್ಲ! 'ಫ್ರಾಂಟಿಯರ್ಸ್ ಫಾರ್ ಯಂಗ್ ಮೈಂಡ್ಸ್' ಮಾತ್ರ ನಿಮಗೆಂದೇ ಇರುವುದು. 2013ರಲ್ಲಿ ಆರಂಭವಾದ ಈ ಪತ್ರಿಕೆಗೆ ವಿಜ್ಞಾನಿಗಳು ಬರೆಯುತ್ತಾರೆ, ಮಕ್ಕಳು ಪರಿಶೀಲಿಸುತ್ತಾರೆ. ಅರ್ಥವಾಗದಿದ್ದರೆ ತಿದ್ದಿ ಬರೆಯಿರಿ ಎಂದು ವಿಜ್ಞಾನಿಗೇ ಹೇಳುತ್ತಾರೆ!

ಶಾಲೆಯ ಕಂಪ್ಯೂಟರ್‌ನಲ್ಲಿ ಒಂದು ಪುಟ ತೆಗೆದುಕೊಡಿ ಎಂದು ನಿಮ್ಮ ಶಿಕ್ಷಕರನ್ನು ಕೇಳಿ. ಮೊದಲು ಚಿತ್ರ ನೋಡಿ. ಆಮೇಲೆ ಪ್ರಯೋಗ ಮಾಡಿದ ಬಗೆಯನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಫಲಿತಾಂಶ ಏನಿರಬಹುದೆಂದು ಊಹಿಸಿ ಬರೆದಿಟ್ಟು, ಅನಂತರವೇ ಮುಂದಿನ ಪುಟ ತಿರುಗಿಸಿ.