ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಉಪಯೋಗ

ಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ತಲಪಿದ ತರುವಾಯ ಪೋಷಕರಲ್ಲಿ ಕೆಲವರು ನಮ್ಮಲ್ಲಿಗೆ ಬಂದು ಎರಡು ದೂರುಗಳನ್ನು ಹೇಳುವುದುಂಟು. 'ಫಾರ್' ಎಂದು ಬರೆಯಬೇಕಾದಲ್ಲಿ 'ಸಿನ್ಸ್' ಎಂದು ಬರೆದ ಮಾತ್ರಕ್ಕೆ ಅರ್ಧ ಅಂಕವನ್ನು ಕಳೆಯುವುದು ನ್ಯಾಯವೇ ಎಂಬುದು ಮೊದಲನೆಯದು. ಇಂಗ್ಲಿಷ್ ಪಾಠದ ವೇಳೆಯಲ್ಲಿ ಉಪಾಧ್ಯಾಯಿನಿಯರು ಕನ್ನಡವನ್ನಾಡುವುದರಿಂದಲೇ ಮಕ್ಕಳ ಇಂಗ್ಲಿಷು ಕೆಡುತ್ತದೆಂಬುದು ಎರಡನೆಯದು. ಮೊದಲನೆಯದಕ್ಕೆ ಆಮೇಲೆ ಬರುವೆವು. ಎರಡನೆಯದನ್ನು ಮಾತ್ರ ನಾವು ಎಷ್ಟುಮಾತ್ರಕ್ಕೂ ಒಪ್ಪಲಾರೆವು. ಒಂದಕ್ಕೊಂದು ಹೋಲುವ ಇಂಗ್ಲಿಷ್ ಪದಪುಂಜಗಳಲ್ಲಿ ಸರಿಯಾದುದನ್ನು ಆರಿಸುವ ವಿಷಯದಲ್ಲಿ ಬಾಲಕಿಗೆ ಅವಳ ಮನೆಮಾತಿಗಿಂತ ಒಳ್ಳೆಯ ಸಹಾಯವಿಲ್ಲವೆಂಬುದು ನಮ್ಮ ಅಭಿಪ್ರಾಯ.

ರಜೆಯ ಅರ್ಜಿಗಳಲ್ಲಿ ನಾವು ಮೇಲಿಂದ ಮೇಲೆ ಕಾಣುವ ವಾಕ್ಯವೊಂದನ್ನು ತೆಗೆದುಕೊಳ್ಳೋಣ: 'ಐ ಆಮ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್.' ಇದನ್ನು ಬರೆದವಳು ಮಂದಬುದ್ಧಿಯವಳಲ್ಲ. ಕನ್ನಡದಲ್ಲಿ 'ಸೋಮವಾರದಿಂದ ಜ್ವರವಿದೆ' ಎಂದರೂ 'ಮೂರು ದಿವಸದಿಂದ ಜ್ವರವಿದೆ' ಎಂದರೂ ಪ್ರತ್ಯಯವು ಒಂದೇ, ಕ್ರಿಯಾಪದವು ವರ್ತಮಾನವೇ. ಅವಳು ತನ್ನ ಭಾಷೆಯ ನ್ಯಾಯವನ್ನು ಪ್ರಾಮಾಣಿಕವಾಗಿ ಅನುಸರಿಸಿದ್ದಾಳೆ. ಜರ್ಮನ್ ಭಾಷೆಯವರಿಗೂ ಇದೇ ತೊಡಕುಂಟು. ಅವರು ಎರಡೆಡೆಯಲ್ಲಿಯೂ 'ಜೈಟ್' ಎಂಬ ಒಂದೇ ಶಬ್ದವನ್ನು ಹಾಕಿ ವರ್ತಮಾನ ಕ್ರಿಯಾಪದದಿಂದಲೇ ವಾಕ್ಯವನ್ನು ಮುಗಿಸುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದ ಕಿಟ್ಟೆಲ್ ಪಂಡಿತರ ಮಾತೃಭಾಷೆಯು ಈ ಜರ್ಮನ್ನೇ. ಅವರ ನಾಡಿನ ಮಕ್ಕಳು ಇಂಗ್ಲಿಷ್ ಕಲಿಯುವಾಗ ನಮ್ಮ ಮಕ್ಕಳು ಎಡವುವ ಕಲ್ಲನ್ನೇ ಎಡವುತ್ತಾರೆಂದು ಕೇಳಿದರೆ ನಮ್ಮ ಹುಡುಗಿಯರಿಗೆ ಬಹಳ ಧೈರ್ಯವುಂಟಾಗುತ್ತದೆ.

ಇನ್ನು ಪರಿಹಾರವೇನು? ಇಂಗ್ಲಿಷ್ ಸೂತ್ರವನ್ನು ಹತ್ತು ಸಲ ಬರೆಯಿಸುವುದರಿಂದ ಕೈ ನೋಯುವುದೇ ಹೊರತು ಭೇದವು ಮನಸ್ಸಿಗೆ ಹತ್ತುವುದಿಲ್ಲ. ಕನ್ನಡದ ಪ್ರಶ್ನೆಯನ್ನು ಕೇಳಿರಿ. 'ಯಾವಾಗಿನಿಂದ?' ಎಂಬ ಪ್ರಶ್ನೆಗೆ ಉತ್ತರವಾದರೆ 'ಸಿನ್ಸ್', 'ಎಷ್ಟು ದಿವಸದಿಂದ?' ಎಂಬುದಕ್ಕೆ ಉತ್ತರವಾದರೆ 'ಫಾರ್'. ಉತ್ತರದಲ್ಲಿ ಕಾಣದ ಭೇದವು ಪ್ರಶ್ನೆಯಲ್ಲಿ ಸಿದ್ಧವಾಗಿಯೇ ಇದೆ. ಎಂಟನೆಯ ತರಗತಿಯ ಹುಡುಗಿಗೆ ಇದನ್ನು ತಿಳಿಸಲು ಐದು ನಿಮಿಷ ಸಾಕು.

ಇದೆಲ್ಲವೂ ಬರಿಯ ವ್ಯಾಕರಣದ ಸೂಕ್ಷ್ಮವೆಂದು ಯಾರೂ ಎಣಿಸಬಾರದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿರುವವರು ಬಹುಮಂದಿ; ಪರದೇಶಗಳ ಆಸ್ಪತ್ರೆಗಳಲ್ಲಿ ಇಂಗ್ಲಿಷಿನಲ್ಲಿಯೇ ರೋಗಿಯ ಸ್ಥಿತಿಯನ್ನು ಒಪ್ಪಿಸತಕ್ಕವರು. 'ರೋಗಿಯು ಎರಡು ದಿವಸ ಮಾತ್ರೆ ತೆಗೆದುಕೊಂಡನು' ಎಂದರೆ ಆಮೇಲೆ ಬಿಟ್ಟನೆಂದು ಅರ್ಥ. 'ಎರಡು ದಿವಸದಿಂದ ತೆಗೆದುಕೊಳ್ಳುತ್ತಿದ್ದಾನೆ' ಎಂದರೆ ಈಗಲೂ ನಡೆದಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಫಾರ್ ಟೂ ಡೇಸ್' ಎಂಬುದೇ ಸಲ್ಲುತ್ತದೆ, ಭೇದವೆಲ್ಲವೂ ಕ್ರಿಯಾಪದದಲ್ಲಿ. ಮೊದಲನೆಯದು 'ಹೀ ಟುಕ್', ಎರಡನೆಯದು 'ಹೀ ಹ್ಯಾಸ್ ಬೀನ್ ಟೇಕಿಂಗ್'. ಕನ್ನಡವು ಪ್ರತ್ಯಯದಲ್ಲಿಯೂ ತೋರಿಸುವುದನ್ನು ಇಂಗ್ಲಿಷು ಕ್ರಿಯಾಪದದಲ್ಲಿ ಮಾತ್ರ ತೋರಿಸುತ್ತದೆಂದು ಬಲ್ಲವಳು ಇಲ್ಲಿ ತಪ್ಪುವುದಿಲ್ಲ. ಕೇವಲ ಕಂಠಪಾಠ ಮಾಡಿದವಳು ತಪ್ಪಿದರೆ ವೈದ್ಯರು ನಿಂತುಹೋದ ಔಷಧವನ್ನು ನಡೆಯುತ್ತಿದೆಯೆಂದು ತಿಳಿದಾರು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ನಮ್ಮ 'ಹೋಗಿದ್ದೆನು'. 'ಅಜ್ಜಿಯ ಮನೆಗೆ ಹೋಗಿದ್ದೆನು' ಎಂದರೆ ಹೋಗಿ ಬಂದದ್ದೂ ಆ ಒಂದೇ ಮಾತಿನಲ್ಲಿ ಅಡಗಿದೆ. ಎಷ್ಟು ಮಿತವಾದ, ಎಷ್ಟು ಚೆಲುವಾದ ಪ್ರಯೋಗ! ಅದನ್ನು ಹುಡುಗಿಯು 'ಐ ಹ್ಯಾಡ್ ಗಾನ್' ಎಂದು ಇಂಗ್ಲಿಷಿಗೆ ತರುತ್ತಾಳೆ. ಇದನ್ನು ಕೇಳಿದ ಇಂಗ್ಲಿಷರವನು, ಯಾವುದಕ್ಕೆ ಮುಂಚೆ ಹೋಗಿದ್ದಳೆಂದು ಮುಂದಿನ ವಾಕ್ಯಕ್ಕಾಗಿ ಕಾದುಕೊಂಡಿರುತ್ತಾನೆ. ಮುಂದಿನ ವಾಕ್ಯವು ಬರುವುದೇ ಇಲ್ಲ. ಅಲ್ಲಿ 'ಐ ವೆಂಟ್' ಎಂದರೆ ಸಾಕು. ಹಾಗೆಯೇ 'ಶೀ ಹ್ಯಾಸ್ ಗಾನ್ ಟು ಮೈಸೂರು' ಎಂದರೆ ಅವಳು ಇನ್ನೂ ಬಂದಿಲ್ಲ. 'ಶೀ ಹ್ಯಾಸ್ ಬೀನ್ ಟು ಮೈಸೂರು' ಎಂದರೆ ಹೋಗಿ ಬಂದು ಮೈಸೂರನ್ನು ಕಂಡವಳು. 'ಹೋಗಿದ್ದಾಳೆ' ಎಂಬುದಕ್ಕೂ 'ಹೋಗಿಬಂದಿದ್ದಾಳೆ' ಎಂಬುದಕ್ಕೂ ಇರುವ ಭೇದವನ್ನು ನಮ್ಮ ಮಕ್ಕಳು ಶಾಲೆಗೆ ಸೇರುವ ಮುಂಚೆಯೇ ಬಲ್ಲರು.

ಕನ್ನಡವು ದಾರಿತಪ್ಪಿಸುವ ಸ್ಥಳಗಳೂ ಉಂಟು. 'ಹೋದ ವರ್ಷ ತೇರ್ಗಡೆಯಾಗಿದ್ದೇನೆ' ಎಂಬುದು ಒಳ್ಳೆಯ ಕನ್ನಡವೇ. ಆದರೆ ಕೆಲಸದ ಅರ್ಜಿಯಲ್ಲಿ 'ಐ ಹ್ಯಾವ್ ಪಾಸ್ಡ್ ಲಾಸ್ಟ್ ಇಯರ್' ಎಂದು ಬರೆಯಲಾಗದು. ಕಳೆದುಹೋದ ಕಾಲದ ಹೆಸರು ವಾಕ್ಯದಲ್ಲಿ ಬಂದೊಡನೆ 'ಹ್ಯಾವ್' ತೊಲಗಬೇಕು. ಇಂಥ ಸ್ಥಳಗಳನ್ನೂ ಕನ್ನಡದ ಎದುರಿನಲ್ಲಿ ಇಟ್ಟು ತೋರಿಸಿದರಲ್ಲವೇ ತಿಳಿಯುವುದು?

'ಕ್ಯಾನ್' ಮತ್ತು 'ಮೇ' ಎಂಬವುಗಳ ವಿಷಯದಲ್ಲಿ ಶ್ರಮವೇ ಇಲ್ಲ. 'ಹಾಡಬಲ್ಲಳು', 'ಹಾಡಬಹುದು' ಎಂದು ಹೇಳಿದರಾಯಿತು. ಈಚೆಗೆ ಇಂಗ್ಲೆಂಡಿನಲ್ಲಿಯೇ ಜನರು ಅಪ್ಪಣೆ ಕೇಳುವುದಕ್ಕೂ 'ಕ್ಯಾನ್' ಎನ್ನುತ್ತಾರಾದರೂ, ತರಗತಿಯ ಬಾಗಿಲಲ್ಲಿ ನಿಂತವಳ ಬಾಯಿಂದ 'ಮೇ' ಎಂಬುದನ್ನು ಕೇಳುವುದೇ ನಮಗೆ ಇಷ್ಟ. 'ಶಾಲ್', 'ವಿಲ್' ಎಂಬವುಗಳ ಜಗಳಕ್ಕಾದರೋ ನಾವು ಮಕ್ಕಳ ವೇಳೆಯನ್ನು ಕೊಡಲೊಲ್ಲೆವು. ಆ ನಿಯಮವನ್ನು ಜಾನ್ ವಾಲಿಸ್ ಎಂಬವರು 1653ರಲ್ಲಿಯೇ ಬರೆದಿಟ್ಟರು. 1906ರಲ್ಲಿ ಫೌಲರ್ ಸಹೋದರರು ತಮ್ಮ 'ದ ಕಿಂಗ್ಸ್ ಇಂಗ್ಲಿಷ್' ಗ್ರಂಥದಲ್ಲಿ ಅದಕ್ಕೆ ಬಹಳ ಪುಟಗಳನ್ನು ಕೊಟ್ಟು, ದಕ್ಷಿಣ ಇಂಗ್ಲೆಂಡಿನಲ್ಲಿ ಹುಟ್ಟದವರಿಗೆ ಇದು ಬಹುಮಟ್ಟಿಗೆ ಸಾಧಿಸದೆಂದು ಹೇಳಿದರು. ಅವರಿಗೇ ಹಾಗೆ ತೋರಿದ ಮೇಲೆ ನಮ್ಮ ಹುಡುಗಿಯರನ್ನು ಏಕೆ ಕಾಡಬೇಕು?

ಅರ್ಧ ಅಂಕದ ಮಾತಿಗೆ ಬರುವೆವು. 'ಸಿನ್ಸ್ ತ್ರೀ ಡೇಸ್' ಎಂದವಳ ಅರ್ಥವು ಎಲ್ಲರಿಗೂ ತಿಳಿಯುತ್ತದೆ. ಅದನ್ನು ಕೆಂಪು ಮಸಿಯಿಂದ ತಿದ್ದಬೇಕು, ಅದಕ್ಕಾಗಿ ಗದರಿಸಬಾರದು. 'ಟುಕ್' ಎಂದು ಹೇಳಬೇಕಾದಲ್ಲಿ 'ಹ್ಯಾಸ್ ಬೀನ್ ಟೇಕಿಂಗ್' ಎಂದವಳ ಅರ್ಥವೇ ಬದಲಾಗುವುದರಿಂದ ಅಂಕವನ್ನು ಅಲ್ಲಿ ಕಳೆಯುವುದು ನ್ಯಾಯ. ಎರಡು ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪದ್ಧತಿಯು ನಮಗೆ ಸಮ್ಮತವಲ್ಲ. ಮಗಳು ನೆಂಟರಿಷ್ಟರ ಮುಂದೆ ಇಂಗ್ಲಿಷಿನಲ್ಲಿ ಒಂದು ಮಾತು ತಪ್ಪಿದಾಗ ನಕ್ಕುಬಿಡುವ ತಂದೆಯವರಿಗೂ ನಮ್ಮ ವಿನಂತಿ ಇದೇ: ನಗುವ ಮೊದಲು ಅವಳ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವೇನೆಂದು ಕೇಳಿರಿ. ಹಾಗೆ ನಗೆಗೀಡಾದ ಹುಡುಗಿಯರು ತರಗತಿಯಲ್ಲಿ ವಾರಗಟ್ಟಲೆ ಬಾಯಿ ತೆರೆಯದಿರುವುದನ್ನು ನಾವು ಕಂಡಿದ್ದೇವೆ.

ಈ ವರ್ಷದಿಂದ ಎಂಟನೆಯ ತರಗತಿಯ ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ಎಡಪುಟಕ್ಕೆ ಕನ್ನಡ ವಾಕ್ಯವನ್ನೂ ಬಲಪುಟಕ್ಕೆ ಇಂಗ್ಲಿಷ್ ವಾಕ್ಯವನ್ನೂ ಬರೆಯಿಸುತ್ತಿದ್ದೇವೆ. ಪೋಷಕರು ಎಡಪುಟವನ್ನು ಕಂಡು ಗಾಬರಿಯಾಗದೆ, ಸಂಜೆ ಬಿಡುವಾದಾಗ ಅದನ್ನೊಮ್ಮೆ ಮಗಳಿಂದ ಗಟ್ಟಿಯಾಗಿ ಓದಿಸಬೇಕೆಂದು ಕೋರುತ್ತೇವೆ.